ಮುಯ್ಯಿಗೆ ರಸೀದಿ ಕೇಳಿದ ಗಿರಿಜ

ಬಾಯಲ್ಲಿ ಪಿನ್ನು ಕಚ್ಚಿಕೊಂಡೇ ಜಗಳ ಆಡುತ್ತಿದ್ದವಳು ಗಿರಿಜ. ಮದುವೆ ಹೆಣ್ಣಿಗೆ ಸೀರೆ ಉಡಿಸುವಾಗ ಅವಳ ತುಟಿಯ ನಡುವೆ ಸೇಫ್ಟಿ ಪಿನ್ನುಗಳ ಸಾಲು ಇರುತ್ತಿತ್ತು. ನೆರಿಗೆ ಚಿಕ್ಕದಾಯಿತು ಎಂದು ಹೆಣ್ಣಿನ ಅತ್ತೆ ಬಂದರೂ, ಲಗ್ನಕ್ಕೆ ಹೊತ್ತಾಯಿತು ಎಂದು ಐನೋರು ಕೂಗಿದರೂ, ವಿಡಿಯೋದವನು ಬಾಗಿಲು ತಟ್ಟಿದರೂ, ಆ ಪಿನ್ನುಗಳ ಸಂದಿಯಿಂದಲೇ ಉತ್ತರ ಬರುತ್ತಿತ್ತು. ಮಾತು ಸ್ಪಷ್ಟ. ಒಂದು ಪಿನ್ನೂ ಕೆಳಕ್ಕೆ ಬೀಳುತ್ತಿರಲಿಲ್ಲ. ಅವಳು ಪಿನ್ನುಗಳನ್ನು ಬಾಯಿಂದ ತೆಗೆದು ಅಂಗೈಯಲ್ಲಿ ಇಟ್ಟುಕೊಂಡಳು ಎಂದರೆ ಮಾತ್ರ ನಾನು ದೂರ ಹೋಗಿ ಕೂರುತ್ತಿದ್ದೆ. ನಿಜವಾದ ಜಗಳ ಆಮೇಲೆ ಶುರುವಾಗುತ್ತಿತ್ತು.

ಹೊಳೆನರಸೀಪುರದಲ್ಲಿ ನಮ್ಮ ಬೀದಿಯ ಕೊನೆಯ ಬಾಡಿಗೆ ಮನೆಯಲ್ಲಿದ್ದಳು. ಹಾಸನದ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ. ಬೆಳಗ್ಗೆ ಬಸ್ಸು ಹತ್ತಿದರೆ ಸಂಜೆಗೆ ವಾಪಸ್ಸು. ಲಗ್ನ ಇದ್ದ ದಿನ ಮಾತ್ರ ರಜಾ ಹಾಕಿ ಹೆಣ್ಣಿನ ಅಲಂಕಾರಕ್ಕೆ ಹೋಗುವಳು. ಗಂಡನನ್ನು ಬಿಟ್ಟು ಬಂದಿದ್ದಳು. ಯಾಕೆ ಎಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಮಕ್ಕಳಿರಲಿಲ್ಲ. ಚನ್ನರಾಯಪಟ್ಟಣದಲ್ಲಿ ಮಹದೇವ ಎನ್ನುವ ಅಣ್ಣ ಇದ್ದ, ದಿನಸಿ ವ್ಯಾಪಾರ. ಗಂಡನ ಮನೆಗೆ ಹೋಗುವುದಾದರೆ ಬಾ, ಇಲ್ಲದಿದ್ದರೆ ನಮ್ಮ ಹೊಸಿಲು ಹತ್ತಬೇಡ ಎಂದಿದ್ದನಂತೆ. ಅವಳು ಹತ್ತಲಿಲ್ಲ.

ನಾನು ಮೊಗ್ಗಿನ ಜಡೆ ಕಟ್ಟುವವಳು. ಓದು ಎಂದರೆ ಬಸ್ಸಿನ ಬೋರ್ಡು ಕೂಡಿಸಿ ಓದುವಷ್ಟು. ಜಡೆ ಮಾತ್ರ ಹಾಸನದವರೂ ಕೇಳಿಕೊಂಡು ಬರುವ ಹಾಗೆ ಕಟ್ಟುತ್ತೇನೆ. ಗಿರಿಜ ಒಂದು ಮದುವೆ ಹೆಣ್ಣಿಗೆಂದು ನನ್ನ ಹತ್ತಿರ ಜಡೆ ಕಟ್ಟಿಸಲು ಬಂದಳು, ಮೊದಲನೆಯ ದಿನವೇ ಮೊಗ್ಗು ಬಿಗಿ ಇಲ್ಲ ಎಂದು ಬಿಚ್ಚಿಸಿದಳು. ಆವತ್ತಿನಿಂದ ನನಗೆ ಅವಳು ಹಿಡಿಸಿದಳು. ಕೆಲಸ ಗೊತ್ತಿಲ್ಲದವರು ಚೆನ್ನಾಗಿದೆ ಎನ್ನುವುದಕ್ಕಿಂತ ಗೊತ್ತಿರುವವರು ಬಿಚ್ಚು ಎನ್ನುವುದು ಮೇಲು.

ಅವಳಲ್ಲಿ ಒಂದು ವಿಚಿತ್ರ ಇತ್ತು. ದುಡ್ಡು ಕೊಟ್ಟ ಕೂಡಲೇ ಒಂದು ಚೀಟಿ ಮುಂದಕ್ಕೆ ಚಾಚಿ "ಸೈನ್ ಹಾಕು ದೊಡ್ಡವ್ವ" ಎನ್ನುವಳು. ಆಟೋದವನಿಗೂ ಹೀಗೆಯೇ. ಬಳೆ ಅಂಗಡಿಯಲ್ಲಿ ಬಿಲ್ಲು ಕೊಡದಿದ್ದರೆ ಬಳೆ ಅಲ್ಲೇ ಇಟ್ಟು ಎದ್ದು ಬರುವಳು. ಬಳೆ ಅಂಗಡಿಯವನು ಒಂದು ಸಲ, "ಏನಮ್ಮ, ಒಂದು ಪಿನ್ನಿನ ಪ್ಯಾಕೆಟ್ಟಿಗೂ ಬಿಲ್ಲಾ? ಪಿನ್ನನ್ನ ಬ್ಯಾಂಕಲ್ಲಿ ಇಡ್ತೀಯಾ?" ಎಂದ.

"ನಿಂಗೆ ಅದು ಪಿನ್ನು. ನಂಗೆ ಖರ್ಚು. ಬರಿ," ಎಂದಳು.

ನನ್ನ ಮಗ ಸೋಮನಿಗೆ ಈ ಚೀಟಿ ಕಂಡರೆ ಭಯ. "ಅವ್ವಾ, ಆಯಮ್ಮ ಕೊಟ್ ಕೊಟ್ಟಿದ್ಕೆಲ್ಲ ಸೈನ್ ಹಾಕ್ಬ್ಯಾಡ ಕಣವ್ವ. ನಾಳೆ ಇನ್‌ಕಮ್ ಟ್ಯಾಕ್ಸ್‌ನೋರು ಜೀಪ್ ತಕ್ಕಂಡು ನಮ್ಮನೆ ಮುಂದಕ್ಕೇ ಬತ್ತಾರೆ," ಎಂದ.

"ಬರ್ಲಿ ಬುಡ್ಲಾ. ಕಾಫಿ ಕಾಸಿ ಕೊಡ್ತೀನಿ. ಜಡೆ ಕಟ್ಟಿ ದುಡ್ಡು ಈಸ್ಕಂಡಿವ್ನಿ, ಕಳ್ಳತನ ಮಾಡಿದ್ನಾ?" ಎಂದೆ. ಸೈನು ಹಾಕುತ್ತಲೇ ಇದ್ದೆ.

ಯಾಕೆ ಇದೆಲ್ಲ ಎಂದು ಗಿರಿಜ ನನಗೆ ಬಿಡಿಸಿ ಹೇಳಿದ್ದಳು. ಕಾಲೇಜಿನ ಸಂಬಳ ಒಂದೇ ಆಗಿದ್ದರೆ ತೆರಿಗೆ ಬರುತ್ತಿರಲಿಲ್ಲ. ಮದುವೆ ಕೆಲಸದ ದುಡ್ಡು ಫೋನಿಗೆ ಬೀಳುತ್ತದೆ. ಹಾಸನದ ಮದುವೆ ಗುತ್ತಿಗೆಯವನು ಅವಳಿಗೆ ಕೊಡುವಾಗಲೇ ಒಂದಿಷ್ಟು ಹಿಡಿದು ಸರ್ಕಾರಕ್ಕೆ ಕಟ್ಟಿಬಿಡುತ್ತಾನೆ. ಸಂಬಳ, ಮದುವೆ ದುಡ್ಡು ಎರಡೂ ಸೇರಿದರೆ ತೆರಿಗೆಯ ಗೆರೆ ದಾಟುತ್ತದೆ. ಆದರೆ ಆ ಕೆಲಸಕ್ಕೆಂದೇ ಮಾಡಿದ ಖರ್ಚನ್ನು ಕಳೆದು, ಉಳಿದದ್ದಕ್ಕೆ ಮಾತ್ರ ತೆರಿಗೆ. ಖರ್ಚು ಎಂದರೆ ಸಾಲದು, ತೋರಿಸಬೇಕು. ನಮ್ಮ ಕಡೆ ಇಂಥ ಬಿಡುವಿನ ಕೆಲಸ ಮಾಡುವವರು ಯಾರೂ ಈ ಗೋಜಿಗೆ ಹೋಗುವುದಿಲ್ಲ. ಬಂದದ್ದು ಬಾಯಿಗೆ ಎಂದು ಸುಮ್ಮನಿರುತ್ತಾರೆ. ಇವಳು ಸುಮ್ಮನಿರುವ ಜಾತಿಯಲ್ಲ.

ಒಂದು ಸಲ ಮೊಗ್ಗು ತರಲು ಹಾಸನಕ್ಕೆ ಹೋದ ನನ್ನನ್ನು ತನ್ನ ಆಡಿಟರ ಆಫೀಸಿಗೂ ಕರೆದುಕೊಂಡು ಹೋದಳು. ಮೊಗ್ಗಿನ ಮೂಟೆ ಕಾಲ ಹತ್ತಿರ ಇಟ್ಟುಕೊಂಡು ಕೂತೆ. ಆಡಿಟರು ಒಳ್ಳೆಯ ಮನುಷ್ಯ, ಮುಖ ಮಾತ್ರ ಯಾವಾಗಲೂ ಹಲ್ಲು ನೋವು ಬಂದವರ ಹಾಗೆ. ಒಂದೊಂದೇ ಚೀಟಿ ನೋಡುತ್ತಾ ಹೋದರು.

"ಮೇಕಪ್ ಸಾಮಾನು ಸರಿ. ಬಸ್ಸು, ಆಟೋ ಸರಿ. ಜಡೆ ಸರಿ. ಈ ಸೀರೆ ಯಾವುದು ಗಿರಿಜಾ ಅವರೇ?"

"ನಾನು ಉಟ್ಕೊಂಡು ಹೋಗೋದು ಸಾರ್. ಮಾಸಿದ್ದು ಉಟ್ಕೊಂಡು ಹೋದ್ರೆ ಹೆಣ್ಣಿನ ಮೈ ಮುಟ್ಟಕ್ಕೆ ಬಿಡ್ತಾರಾ?"

"ಅದನ್ನ ಬೇರೆ ಕಡೆಗೂ ಉಡಬಹುದಲ್ಲ."

"ನನ್ನ ಬೇರೆ ಕಡೆಗೆ ಯಾರು ಕರೀತಾರೆ ಸಾರ್?"

ಆಡಿಟರು ನಗಲಿಲ್ಲ. "ಆಗಲ್ಲಮ್ಮ, ಉಡೋ ಬಟ್ಟೆ ಬರಲ್ಲ," ಎಂದರು. ಅವಳು "ಅದೂ ನ್ಯಾಯವೇ. ಬಿಡಿ," ಎಂದು ಚೀಟಿ ವಾಪಸ್ಸು ತಗೊಂಡಳು. ಅವಳ ಜಗಳದಲ್ಲಿ ಅದೊಂದು ಇತ್ತು. ನ್ಯಾಯ ಎದುರಿನವರ ಕಡೆ ಇದ್ದರೆ ಬಿಟ್ಟುಬಿಡುತ್ತಿದ್ದಳು, ಮುಖ ಊದಿಸಿಕೊಳ್ಳುತ್ತಿರಲಿಲ್ಲ.

"ಇದೇನಮ್ಮ, ಮುಯ್ಯಿ ಅಂತ ಬರೆದಿದ್ದೀರಿ?"

ಮದುವೆ ಮನೆಯಲ್ಲಿ ಮುಯ್ಯಿ ಬರೆಯಲು ಒಬ್ಬರು ಪುಸ್ತಕ ಹಿಡಿದು ಕೂರುವುದು ನಿಮಗೆಲ್ಲ ಗೊತ್ತು. ಇವತ್ತು ನಿಮ್ಮ ಮನೆ ಕಾರ್ಯಕ್ಕೆ ನಾನು ದುಡ್ಡು ಇಟ್ಟರೆ, ನಾಳೆ ನಮ್ಮ ಮನೆ ಕಾರ್ಯಕ್ಕೆ ನೀವು ಅಷ್ಟಕ್ಕೆ ಒಂದಿಷ್ಟು ಸೇರಿಸಿ ಇಡಬೇಕು. ಗಿರಿಜ ಕೆಲಸಕ್ಕೆ ಹೋದ ಕಡೆಯಲ್ಲೆಲ್ಲ ಮುಯ್ಯಿ ಇಡುತ್ತಿದ್ದಳು. ಇಡದಿದ್ದರೆ, ಕೂಲಿ ಈಸಿಕೊಂಡು ಊಟ ಹೊಡೆದು ಹೋದಳು ಎನ್ನುತ್ತಾರೆ. ಮುಂದಿನ ಲಗ್ನಕ್ಕೆ ಬೇರೆಯವಳನ್ನು ಕರೆಯುತ್ತಾರೆ. ನಾನು ಜಡೆ ಕೊಟ್ಟು ಮನೆಗೆ ಬಂದುಬಿಡುವವಳು, ನನಗೆ ಆ ಕಾಟ ಇಲ್ಲ. ಅವಳು ಧಾರೆ ಮುಗಿಯುವ ತನಕ ನಿಲ್ಲಬೇಕು.

"ಇದು ಉಡುಗೊರೆ ಆಗುತ್ತೆ," ಎಂದರು ಆಡಿಟರು. "ನಾನೂ ಈ ಕಡೆಯವನೇ. ಮುಯ್ಯಿ ಅಂದರೆ ವಾಪಸ್ ಬರೋ ದುಡ್ಡು. ವಾಪಸ್ ಬರೋದನ್ನ ಖರ್ಚು ಅಂತ ಹೇಗೆ ಬರೀಲಿ?"

"ನಂಗೆ ಯಾರ ಮದುವೇಲಿ ಬತ್ತದೆ ಸಾರ್?" ಎಂದಳು ಗಿರಿಜ. "ನಂದು ಒಂದ್ಸಲ ಆಗಿ ಮುಗೀತು. ಮಕ್ಕಳಿಲ್ಲ. ಮುಯ್ಯಿ ಎತ್ತಬೇಕು ಅಂದ್ರೆ ಮನೇಲಿ ಒಂದು ಕಾರ್ಯ ಆಗ್ಬೇಕಲ್ವಾ?"

ಆಡಿಟರು ಪೆನ್ನು ಕೆಳಗಿಟ್ಟರು. "ಅದು ಸರಿಯಮ್ಮ. ಆದರೆ ಕೇಳಿದರೆ ಏನು ತೋರಿಸೋದು? ಕೊಟ್ಟಿದ್ದಕ್ಕೆ ಪುರಾವೆ ಬೇಕಲ್ಲ."

ಮೆಟ್ಟಿಲು ಇಳಿಯುವಾಗ ನಾನು, "ಬುಟ್ಟಾಕೇ ಅತ್ಲಾಗೆ. ಅದ್ರಲ್ಲಿ ಏನ್ ಮಹಾ ಉಳೀತದೆ?" ಎಂದೆ.

"ಉಳಿಯೋದಕ್ಕಲ್ಲ ದೊಡ್ಡವ್ವ. ಉಡುಗೊರೆ ಅಂತ ಬರೆದ್ರೆ ನಾನು ನೆಂಟಳು ಅಂತಾಯ್ತದೆ. ಯಾವ ಮನೆಯೋರು ನನ್ನ ನೆಂಟಳು ಅಂತ ಕರೆದವ್ರೆ? ಲಗ್ನಪತ್ರಿಕೆ ಕೊಟ್ಟವ್ರಾ? ಹೆಣ್ಣು ಹಸೆಗೆ ಹೋಗೋ ಹೊತ್ತಿಗೆ, ಗಿರಿಜಾ ನೀನು ಕೋಣೇಲೇ ಇರವ್ವ ಅಂತಾರೆ, ಗಂಡನ್ ಬಿಟ್ಟೋಳು ಎದುರಿಗೆ ಬರ್ಬಾರ್ದು ಅಂತ. ಇರ್ತೀನಿ, ಕೆಲಸಕ್ಕೆ ಹೋದೋಳು ನಾನು. ಹಂಗಾದ್ಮೇಲೆ ಅಲ್ಲಿ ಕೊಟ್ಟಿದ್ದೂ ಕೆಲಸದ ಖರ್ಚೇ. ಒಂದು ಕಡೇಲಾದ್ರೂ ಹಂಗೇ ಬರೀಲಿ."

ಬಸ್ಸಿನಲ್ಲಿ ಮೊಗ್ಗಿನ ಮೂಟೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಅವಳು ಹೇಳಿದ್ದರಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ.

ಮುಂದಿನ ಲಗ್ನ ಅರಕಲಗೂಡಿನಲ್ಲಿ. ಹೊಗೆಸೊಪ್ಪು, ಶುಂಠಿ ಬೆಳೆಯುವ ದೊಡ್ಡ ಮನೆತನ. ಹೆಣ್ಣಿನ ಕೂದಲು ಗಿಡ್ಡ, ಜಡೆ ನಿಲ್ಲುವುದಿಲ್ಲ ಎಂದು ಗಿರಿಜ ನನ್ನನ್ನೂ ಛತ್ರಕ್ಕೆ ಕರೆದುಕೊಂಡು ಹೋಗಿದ್ದಳು. ಬಾಗಿಲಲ್ಲಿ ಹೆಣ್ಣಿನ ಸೋದರಮಾವ ಮುಯ್ಯಿ ಬರೆಯಲು ಕೂತಿದ್ದ. ಬಿಳಿ ಷರಟು, ಕತ್ತಿಗೆ ಶಲ್ಯ, ಮುಂದೆ ಅರಿಶಿನ ಕುಂಕುಮ ಹಚ್ಚಿದ ಪುಸ್ತಕ. ಗಿರಿಜ ಅರ್ಧ ಅಲಂಕಾರ ಮುಗಿಸಿ, ಬಾಯಲ್ಲಿ ಪಿನ್ನು ಇರುವ ಹಾಗೆಯೇ ಕೆಳಗೆ ಬಂದು ಮುಯ್ಯಿ ಇಟ್ಟಳು. ಅವನು ಬರೆದುಕೊಂಡ. ಇವಳು ನಿಂತೇ ಇದ್ದಳು.

"ಇನ್ನೇನಮ್ಮ?" ಎಂದ.

"ರಸೀದಿ ಕೊಡಿ ಸಾರ್."

ಹಿಂದೆ ನಿಂತಿದ್ದವರು ನಕ್ಕರು. ಅವನಿಗೆ ಮೊದಲು ಅರ್ಥವೇ ಆಗಲಿಲ್ಲ. ಆದಮೇಲೆ ಮುಖ ಕೆಂಪಗಾಯಿತು.

"ಮುಯ್ಯಿಗೆ ರಸೀದಿ ಕೇಳ್ತೀಯಲ್ಲಮ್ಮ, ನಾವೇನು ಸೊಸೈಟಿ ಇಟ್ಟಿದೀವಾ? ನಿನ್ನ ದುಡ್ಡು ತಿನ್ಕೊಂಡು ಓಡೋಯ್ತೀವಾ?"

"ಹಂಗಂದಿಲ್ಲ. ನನ್ನ ಲೆಕ್ಕಕ್ಕೆ ಬೇಕು. ಬೇಡ ಬಿಡಿ, ನನ್ನ ಹೆಸರಿರೋ ಸಾಲು ಒಂದೇ ಒಂದು ಫೋಟೋ ತಕ್ಕೋತೀನಿ," ಎಂದು ಫೋನು ತೆಗೆದಳು.

ಅವನು ಪುಸ್ತಕದ ಮೇಲೆ ಕೈ ಅಗಲಿಸಿ ಇಟ್ಟ. "ಗಂಡನ್ ಮನೆ ಬಿಟ್ ಬಂದೋಳ ಕೈಯಿಂದ ಶುಭಕಾರ್ಯಕ್ಕೆ ದುಡ್ಡು ಈಸ್ಕಂಡಿದ್ದೇ ಎಚ್ಚು. ಅದ್ರ ಮ್ಯಾಲೆ ಫೋಟೋ ಬ್ಯಾರೆ. ಓಗ್ ಓಗು, ಒಳಗಡೆ ಹೆಣ್ಣು ಕಾಯ್ತಾವ್ಳೆ."

ಗಿರಿಜ ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಅಂಗೈಯಲ್ಲಿ ಇಟ್ಟುಕೊಂಡಳು. ನಾನು ಮೆಟ್ಟಿಲ ಹತ್ತಿರ ನಿಂತಿದ್ದೆ. ದೂರ ಹೋಗೋಣ ಎಂದರೆ ಜಾಗ ಇರಲಿಲ್ಲ.

"ಸರಿ ಸಾರ್," ಎಂದಳು. ದನಿ ಏರಿಸಲಿಲ್ಲ. "ಬಿಟ್ ಬಂದೋಳ ದುಡ್ಡು ನಿಮಗೆ ಬೇಡ. ಈಚೆ ಕೊಡಿ. ಪುಸ್ತಕದಲ್ಲಿ ನನ್ನ ಹೆಸರು ಹೊಡೆದಾಕಿ. ನಾನು ಹೆಣ್ಣಿನ ಅಲಂಕಾರ ಮುಗಿಸೇ ಹೋಗೋದು, ಅದಕ್ಕೇನೂ ಹೆದರ್ಬೇಡಿ. ಹೆಣ್ಣು ನಂಗೇನೂ ಅಂದಿಲ್ಲ."

ಇಟ್ಟ ಮುಯ್ಯಿ ವಾಪಸ್ಸು ಕೊಡುವುದು, ಬರೆದ ಹೆಸರು ಹೊಡೆಯುವುದು, ಅದೂ ಧಾರೆಗೆ ಮುಂಚೆ, ಅಪಶಕುನ. ಸಾಲಿನಲ್ಲಿ ನಿಂತವರ ನಗು ನಿಂತಿತು. ಒಬ್ಬ ಮುದುಕಿ, "ಏ ಬ್ಯಾಡ ಕಣಪ್ಪ, ಅಂಗೆಲ್ಲ ಒಡೀಬಾರ್ದು," ಎಂದಳು. ಸೋದರಮಾವ ಆ ಕಡೆ ಈ ಕಡೆ ನೋಡಿದ. ಹೆಣ್ಣಿನ ತಾಯಿ ಬರುವುದು ಕಂಡಿತು. ಅವನು ಪುಸ್ತಕದಿಂದ ಕೈ ತೆಗೆದ. ಗಿರಿಜ ತನ್ನ ಸಾಲಿನ ಮೇಲೆ, ಕೆಳಗೆ ಎರಡು ಕಾಗದ ಅಡ್ಡ ಇಟ್ಟು, ಬೇರೆಯವರ ಹೆಸರು ಬೀಳದ ಹಾಗೆ ಫೋಟೋ ತೆಗೆದಳು. ಪಿನ್ನು ವಾಪಸ್ಸು ಬಾಯಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿದಳು. ಆ ಹೆಣ್ಣಿಗೆ ಅವತ್ತು ಉಡಿಸಿದ ಹಾಗೆ ಸೀರೆ ಉಡಿಸಿದ್ದನ್ನು ನಾನು ಮತ್ತೆ ನೋಡಲಿಲ್ಲ. ಒಂದು ನೆರಿಗೆ ಅಲುಗಿರಲಿಲ್ಲ.

ಮುಯ್ಯಿಗೆ ರಸೀದಿ ಕೇಳುವವಳು ಎನ್ನುವುದು ಅರಕಲಗೂಡಿನಿಂದ ಹಳ್ಳಿಮೈಸೂರಿನ ತನಕ ಹಬ್ಬಿತು. ಕೆಲವರು ಕರೆಯುವುದು ಬಿಟ್ಟರು. ಬಸ್ಸಿನಲ್ಲಿ ಹೆಂಗಸರು ಬೇಕೆಂದೇ, "ಏನ್ ಗಿರಿಜಕ್ಕ, ಈ ಸೀಟು ಬುಟ್ಕೊಟ್ಟಿದ್ಕೆ ಚೀಟಿ ಬರ್ಕೊಡ್ಲಾ?" ಎನ್ನುತ್ತಿದ್ದರು. "ಬರ್ಕೊಡು, ಓದಕ್ಕೆ ಬರೋ ಹಂಗೆ ಬರಿ," ಎಂದು ಕೂರುವಳು. ಮಿಕ್ಕವರು ಕರೆದರು. ಅವಳ ಹಾಗೆ ಉಡಿಸುವವರು ಬೇರೆ ಇರಲಿಲ್ಲ. ಹೋದ ಕಡೆಯಲ್ಲೆಲ್ಲ ತನ್ನ ಸಾಲಿನ ಫೋಟೋ ತೆಗೆದುಕೊಂಡೇ ಬಂದಳು.

ಆ ಫೋಟೋಗಳನ್ನು ನೋಡಿ ಆಡಿಟರು ಬಹಳ ಹೊತ್ತು ಗದ್ದ ಉಜ್ಜಿಕೊಂಡರಂತೆ. ಕೊನೆಗೆ, "ಬರೀತೀನಿ. ಆದರೆ ಒಂದು ಮಾತು. ಇದು ಖರ್ಚು ಅಂತ ನೀವು ಹೇಳ್ತಿದ್ದೀರಿ, ನಾನು ನಂಬಿ ಹಾಕ್ತಿದ್ದೀನಿ. ನಾಳೆ ಯಾವುದಾದರೂ ಕಾರ್ಯ ಮಾಡಿ ಇದನ್ನೆಲ್ಲ ವಾಪಸ್ ಎತ್ತಿದರೆ ಆಗ ಇದು ಖರ್ಚಲ್ಲ. ನಿಮ್ಮ ಮಾತೂ ಸುಳ್ಳಾಗುತ್ತೆ, ನನ್ನದೂ ಸುಳ್ಳಾಗುತ್ತೆ," ಎಂದರು.

"ಬರಲ್ಲ ಸಾರ್. ಬಂದ್ರೂ ನಾನು ಈಸ್ಕೊಳಲ್ಲ," ಎಂದು ಬಂದಳು.

ಆ ವರ್ಷ ಇಲಾಖೆಯಿಂದ ಒಂದು ಪ್ರಶ್ನೆ ಬಂತು, ಈ ಖರ್ಚು ಏನು ಎಂದು. ಆಡಿಟರು ಬಿಟ್ಟುಬಿಡೋಣ, ತೆರಿಗೆ ಕಟ್ಟಿ ಮುಗಿಸೋಣ ಎಂದರಂತೆ. ಇವಳು ಒಪ್ಪಲಿಲ್ಲ. ತಾನು ಯಾರು, ಮುಯ್ಯಿ ಎಂದರೆ ಏನು, ತನಗೆ ಯಾಕೆ ವಾಪಸ್ಸು ಬರುವುದಿಲ್ಲ, ಎಲ್ಲ ಬರೆಸಿ ಕಳಿಸಿದಳು. ಗಂಡನನ್ನು ಬಿಟ್ಟಿದ್ದೇನೆ ಎನ್ನುವುದನ್ನೂ ಬರೆಸಿದಳು. "ಊರಿಗೆಲ್ಲ ಗೊತ್ತು, ಸರ್ಕಾರಕ್ಕೆ ಗೊತ್ತಾದ್ರೆ ಏನಾಯ್ತದೆ?" ಎಂದಳು. ಅಲ್ಲಿಂದ ಮತ್ತೆ ಪ್ರಶ್ನೆ ಬರಲಿಲ್ಲ. ಒಪ್ಪಿದರೋ, ತಲೆ ಕೆಟ್ಟು ಬಿಟ್ಟರೋ, ನನಗೆ ತಿಳಿಯದು. ಅವಳು ಗೆದ್ದೆ ಎಂದೇ ಲೆಕ್ಕ ಹಾಕಿಕೊಂಡಳು.

ಬಂದರೂ ಈಸಿಕೊಳ್ಳುವುದಿಲ್ಲ ಎಂದ ಮಾತಿನ ಬೆಲೆ ಆಮೇಲೆ ಗೊತ್ತಾಯಿತು. ರೈಲು ಗೇಟಿನ ಆಚೆ ಒಂದು ಸಣ್ಣ ಸೈಟು ಇತ್ತು ಅವಳಿಗೆ. ಸಾಲ ಮಾಡಿ ಮನೆ ಕಟ್ಟಿಸಿದಳು. ಗಾರೆಗೆ ದುಡ್ಡು ಸಾಲಲಿಲ್ಲ. ಹೊರಗಿನ ಗೋಡೆ ಇಟ್ಟಿಗೆ ಕಾಣುವ ಹಾಗೇ ನಿಂತಿತು. ಬಚ್ಚಲಿಗೆ ಬಾಗಿಲಿಲ್ಲ, ಹಳೇ ಸೀರೆ ಕಟ್ಟಿದ್ದಳು. ಬೀದಿಯವರೆಲ್ಲ, "ಗೃಹಪ್ರವೇಶ ಜೋರಾಗ್ ಮಾಡು ಗಿರಿಜಾ, ಇಷ್ಟು ವರ್ಷ ಇಟ್ಟಿದ್ದೆಲ್ಲ ಒಂದೇ ದಿನಕ್ಕೆ ಬತ್ತದೆ," ಎಂದರು. ನಾನೂ ಅದನ್ನೇ ಹೇಳಿದೆ. ಹೇಳಬಾರದು ಎಂದು ನನಗೆ ಅನ್ನಿಸಲಿಲ್ಲ. ಬಾಗಿಲಿಲ್ಲದ ಬಚ್ಚಲು ಕಣ್ಣ ಮುಂದೆ ಇತ್ತು.

"ಬರಲ್ಲ ಅಂತ ಹೇಳಿ ಬಂದಿದೀನಿ ದೊಡ್ಡವ್ವ."

"ಯಾರ್ ಬಂದ್ ನೋಡ್ತಾರೆ ಇಲ್ಲಿ? ನಿನ್ ಆಡಿಟ್ರು ಬಾಗ್ಲಲ್ಲಿ ನಿಂತ್ಕಂಡು ಎಣಿಸ್ತಾರಾ?"

"ಯಾರೂ ನೋಡಲ್ಲ. ಅದಕ್ಕೇ ನಾನೇ ನೋಡ್ಕೋಬೇಕು. ಈಸ್ಕೊಂಡೆ ಅಂದ್ರೆ ಅವತ್ತು ಛತ್ರದಲ್ಲಿ ಆ ಮಾವ ಕೋಪ ಮಾಡ್ಕೊಂಡಿದ್ದೇ ಸರಿ ಅಂತಾಯ್ತದೆ. ನಾನು ಕೆಲಸಕ್ಕೆ ಹೋದೋಳಲ್ಲ, ನೆಂಟರ ಮನೆಗೆ ಹೋಗಿ ರಸೀದಿ ಕೇಳ್ದೋಳು ಅಂತ. ಬಚ್ಚಲಿಗೆ ಬಾಗಿಲು ನಿಧಾನಕ್ಕೆ ಹಾಕಿಸ್ತೀನಿ."

ಹಾಲು ಉಕ್ಕಿಸುವಾಗ ನಾನು, ಅವಳು, ಪಕ್ಕದ ಮನೆಯ ಹೆಂಗಸು, ಇಷ್ಟೇ ಜನ. ಉಪ್ಪಿಟ್ಟು ತಿಂದು ಕಾಲೇಜಿಗೆ ಹೊರಟಳು. ಊರಿನವರು ಕೋಪ ಮಾಡಿಕೊಂಡರು. ಮುಯ್ಯಿ ತೀರಿಸಲು ಬಿಡದವಳು ಎಂಥ ದೊಡ್ಡವಳು ಎಂದರು. ಮನೆ ನೋಡುವ ನೆಪದಲ್ಲಿ ಕವರು ಹಿಡಿದು ಬಂದವರಿಗೆ ಕಾಫಿ ಕೊಟ್ಟು, ಕವರನ್ನು ಅವರ ಚೀಲಕ್ಕೇ ಹಾಕಿ ಕಳಿಸಿದಳು. ಬಚ್ಚಲ ಬಾಗಿಲು ಎರಡು ಲಗ್ನದ ಕಾಲ ಕಳೆದ ಮೇಲೆ ಬಂತು.

ಆಮೇಲೆ ಹೊಟ್ಟೆಯಲ್ಲಿ ಗಡ್ಡೆ ಎಂದರು. ಹಾಸನದ ಆಸ್ಪತ್ರೆಗೆ ನೋಡಲು ಹೋದಾಗ ಮೈ ಕರಗಿ, ಮೂಗಿನ ನತ್ತು ಮಾತ್ರ ದೊಡ್ಡದಾಗಿ ಕಾಣುತ್ತಿತ್ತು. ತನ್ನ ಬದಲು ನಾನೇ ಹೋಗಬೇಕಿದ್ದ ಮದುವೆಯ ಬಗ್ಗೆ ಮಾತಾಡಿದಳು. "ಆ ಹುಡುಗಿ ಕುಳ್ಳಿ. ಜಡೆ ಸೊಂಟದಿಂದ ಕೆಳಕ್ಕೆ ಇಳಿಸ್ಬೇಡ," ಎಂದಳು. ಆಮೇಲೆ, "ಈ ವರ್ಷದ್ದೆಲ್ಲ ಆಡಿಟ್ರಿಗೆ ಕೊಟ್ಟಾಗಿದೆ. ಯಾರೂ ಏನೂ ತಿದ್ದೋ ಹಂಗಿಲ್ಲ," ಎಂದಳು. ನಾನು ಸರಿ ಎಂದೆ. ಅದೇ ಕೊನೆ. ಆ ಮದುವೆಗೆ ಮುಂಚೆಯೇ ಹೋದಳು.

ಮಣ್ಣು ಮಾಡಲು ಅಣ್ಣ ಮಹದೇವ ಬಂದ. ಬರಬೇಕಾದ್ದೇ. ಅವರ ಜನ ಹನ್ನೊಂದನೆಯ ದಿನಕ್ಕೆ ಮಾಡುವ ಶಿವಗಣಾರಾಧನೆಯನ್ನು ಗಿರಿಜಳ ಮನೆಯ ಮುಂದೆಯೇ ಶಾಮಿಯಾನ ಹಾಕಿಸಿ ಮಾಡಿದ. ಜನ ಬಂದರು. ನಾನು ಅಂದುಕೊಂಡದ್ದಕ್ಕಿಂತ ಬಹಳ ಜನ. ಅವಳು ಸೀರೆ ಉಡಿಸಿದ ಹೆಣ್ಣುಗಳು ಮಗು ಎತ್ತಿಕೊಂಡು ಬಂದವು. ಸಾವಿನ ಮನೆಯಲ್ಲಿ ಮುಯ್ಯಿ ಇಡುವ ಪದ್ಧತಿ ನಮ್ಮಲ್ಲಿಲ್ಲ. ಆದರೂ ಒಬ್ಬೊಬ್ಬರ ಕೈಯಲ್ಲೂ ಕವರು. ಸತ್ತವರ ಮುಯ್ಯಿ ತಲೆಯ ಮೇಲೆ ಉಳಿಯುತ್ತದೆ ಎಂದು ಹೆದರಿಕೆ.

ಮಹದೇವ ಇದನ್ನು ನೋಡಿದ. ವ್ಯಾಪಾರದವನು, ಬೇಗ ನೋಡಿದ. ಒಳಗಿನಿಂದ ಒಂದು ಸ್ಟೀಲಿನ ತಟ್ಟೆ ತಂದು ಫೋಟೋದ ಮುಂದೆ ಇಟ್ಟು, "ಇಲ್ಲಿ ಆಕಿ, ಇಲ್ಲಿ ಆಕಿ. ನಮ್ ಗಿರಿಜಂದು ನಮಗೇ ಸೇರ್ಬೇಕಾದ್ದು," ಎಂದ.

ನಾನು ಎದ್ದೆ. ತಟ್ಟೆ ಎತ್ತಿ ಕಂಕುಳಲ್ಲಿ ಇಟ್ಟುಕೊಂಡೆ.

"ಅಜ್ಜಿ, ಇದೇನು ಮಾಡ್ತಿದ್ದೀಯ?"

"ಇದ್ರಲ್ಲಿ ಏನೂ ಬೀಳಂಗಿಲ್ಲ ಕಣಪ್ಪ. ಮುಯ್ಯಿ ವಾಪಸ್ ಬರಾಕಿಲ್ಲ ಅಂತ ನಿನ್ ತಂಗಿ ಸರ್ಕಾರಕ್ಕೇ ಬರ್ದು ಕೊಟ್ಟವ್ಳೆ. ಖರ್ಚು ಅಂತ ಅವಳೇ ಕಳ್ದಾಯ್ತು. ನೀನು ಈಗ ಈಸ್ಕಂಡ್ರೆ ಅವಳು ಸುಳ್ ಏಳಿದ್ಲು ಅಂತಾಯ್ತದೆ."

"ಸತ್ತೋಳಿಗೆ ಎಂಥ ಲೆಕ್ಕ ಅಜ್ಜಿ? ಆರಾಧನೆ ಖರ್ಚೆಲ್ಲ ನಂದೇ."

"ಅದ್ರ ಚೀಟಿ ಇದ್ರೆ ತಕ್ಕಂಬಾ, ಜಡೆ ಕಟ್ಟಿದ್ ದುಡ್ಡಲ್ಲಿ ನಾನ್ ತೀರಿಸ್ತೀನಿ. ಇದನ್ ಮಾತ್ರ ಮುಟ್ಬ್ಯಾಡ. ಬದುಕಿದ್ದಾಗ ಒಸ್ಲು ಅತ್ತಿಸ್ಲಿಲ್ಲ, ಈಗ ಅವಳ ಮಾತ್ ಮುರಿಯಕ್ ಬಂದಿದ್ದೀಯಾ?"

ಅವನು ನನ್ನ ಮುಖ ನೋಡಿದ, ಜನರ ಮುಖ ನೋಡಿದ. ಯಾರೂ ಅವನ ಪರ ಬರಲಿಲ್ಲ. ಅಡುಗೆಯವರ ಕಡೆ ಹೋಗಿ ಸಾರಿನ ಕೊಳಗಕ್ಕೆ ಏನೋ ಹೇಳುವವನ ಹಾಗೆ ನಿಂತ.

ಹಳ್ಳಿಮೈಸೂರಿನ ಒಬ್ಬಾಕೆ ಕವರು ಹಿಡಿದುಕೊಂಡೇ ಇದ್ದಳು. ಅವಳ ಮೂವರು ಹೆಣ್ಣುಮಕ್ಕಳಿಗೂ ಗಿರಿಜಳೇ ಉಡಿಸಿದ್ದು. "ಮೂರ್ ಮದ್ವೇಗೂ ಇಟ್ಟವ್ಳೆ ಅಜ್ಜಿ. ಅಂಗಾರೆ ನಮ್ ತಲೆ ಮ್ಯಾಲೆ ಅಂಗೇ ಇರ್ಲಾ ಅದು?"

"ನಿನ್ ತಲೆ ಮ್ಯಾಲೆ ಏನೂ ಇಲ್ಲ ಕಣವ್ವ. ಅವಳು ನಿಮ್ಮನೆಗೆ ಕೆಲಸಕ್ಕೆ ಬಂದಿದ್ಲು. ಕೆಲಸ ಮಾಡುದ್ಲು, ಖರ್ಚ್ ಮಾಡುದ್ಲು, ಓದ್ಲು. ಚೀಲಕ್ ಆಕ್ಕಂಡು ಊಟಕ್ ಕೂತ್ಕೊ."

ಆಕೆ ಸ್ವಲ್ಪ ಅತ್ತಳು. ಕವರು ಚೀಲಕ್ಕೆ ಹಾಕಿಕೊಂಡಳು. ಅವಳನ್ನು ನೋಡಿ ಮಿಕ್ಕವರೂ ಹಾಕಿಕೊಂಡರು. ತಟ್ಟೆ ಕಂಕುಳಲ್ಲಿ ಇಟ್ಟುಕೊಂಡೇ ನಾನು ಉಂಡೆ.

ಈಗಲೂ ಲಗ್ನದ ಕಾಲದಲ್ಲಿ ಯಾರಾದರೂ ದಾರಿಯಲ್ಲಿ ನಿಲ್ಲಿಸಿ, ಗಿರಿಜಳ ಮುಯ್ಯಿ ಉಳಿದುಹೋಯಿತು, ಯಾವ ದೇವಸ್ಥಾನಕ್ಕಾದರೂ ಹಾಕಲಾ ಎಂದು ಕೇಳುತ್ತಾರೆ. ಹಾಕುವುದಾದರೆ ನಿಮ್ಮ ಹೆಸರಲ್ಲಿ ಹಾಕಿ, ಅವಳ ಹೆಸರಲ್ಲಿ ಬೇಡ ಎನ್ನುತ್ತೇನೆ. ವಾಪಸ್ಸು ಬರುವುದಿಲ್ಲ ಎಂದಿದ್ದಳು. ಬಂದಿಲ್ಲ.